ಡ್ರಾಪ್‌ಡೌನಿನಲ್ಲಿ ಇಲ್ಲದ ಊರು



ಮೊದಲಿಗೆ ಒಂದು ತಪ್ಪೊಪ್ಪಿಗೆ. ಪ್ರತಿ ವರ್ಷ ಯುಗಾದಿಗೆ ಮುಂಚೆ ನಿಮ್ಮ ಇನ್‌ಬಾಕ್ಸಿಗೆ ಸಂಘದ ಸದಸ್ಯತ್ವದ ಫಾರಂ ಒಂದು ಬಂದು ಬೀಳುತ್ತದಲ್ಲ, ಅದನ್ನು ಮಾಡಿದವನು ನಾನು. (ಸಾಫ್ಟ್‌ವೇರಿನವನು ಸಂಘಕ್ಕೆ ಸೇರಿದರೆ ಅವನ ಪಾಲಿಗೆ ಬರುವುದು ಇದೇ ಕೆಲಸ. ಅಡುಗೆ ಬಲ್ಲವರಿಗಾದರೂ ಹೊಗಳಿಕೆ ಸಿಗುತ್ತದೆ!) ಅದರಲ್ಲಿ "ಕರ್ನಾಟಕದಲ್ಲಿ ನಿಮ್ಮ ಜಿಲ್ಲೆ" ಎಂಬ ಡ್ರಾಪ್‌ಡೌನ್ ಇದೆ. ಉಡುಪಿಯಿಂದ ಹಾಸನದವರೆಗೆ ಅಕಾರಾದಿಯಾಗಿ ಜೋಡಿಸಿದ್ದೇನೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಅದನ್ನೂ ಸೇರಿಸಿ 31 ಮಾಡಿದೆ. ಯಾವುದಾದರೂ ಒಂದನ್ನು ಆರಿಸದೆ ಫಾರಂ ಮುಂದೆ ಹೋಗುವುದಿಲ್ಲ. ಪ್ರತಿ ವರ್ಷ ನಾನು ಆರಿಸುವುದು ದಕ್ಷಿಣ ಕನ್ನಡ.

ಅದು ಸುಳ್ಳು. ನನ್ನ ಊರು ಪೆರ್ಲದ ಹತ್ತಿರ, ಕಾಸರಗೋಡು ಜಿಲ್ಲೆ, ಕೇರಳ ರಾಜ್ಯ.

ಈ ಸುಳ್ಳು ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಕೆಲವು ತಿಂಗಳ ಹಿಂದೆ ಹೊಸದಾಗಿ ಬಂದ ಒಬ್ಬರು ಫೋನ್ ಮಾಡಿದರು. "ಸರ್, ನಮ್ಮ ಊರು ಲಿಸ್ಟಿನಾಗ ಇಲ್ಲರೀ." ಯಾವ ಊರು ಎಂದೆ. ಅಕ್ಕಲಕೋಟೆ ಎಂದರು. ಸೊಲ್ಲಾಪುರ ಜಿಲ್ಲೆ, ಮಹಾರಾಷ್ಟ್ರ. ಮನೆಮಾತು ಕನ್ನಡ. ನಾನು ಬಹಳ ಅನುಭವಸ್ಥನಂತೆ, "ಹತ್ತಿರದ ಕಲಬುರಗಿ ಅಂತ ಹಾಕಿಬಿಡಿ, ನಡೆಯುತ್ತದೆ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಸುಳ್ಳು ಯಾಕ ಬರೀಬೇಕ್ರೀ ಸರ್?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಬೆನ್ನು ಹತ್ತಿದಾಗ ಇದನ್ನೇ ವಿವರಿಸಿ ಬರೆಯೋಣ ಎನಿಸಿತು. "ನೀವು ಮಲಯಾಳಿಗಳಾ? ಮತ್ತೆ ಕನ್ನಡ ಹೇಗೆ ಇಷ್ಟು ಚೆನ್ನಾಗಿ ಬರುತ್ತದೆ?" ಎಂದು ನನ್ನನ್ನು ಕೇಳಿದವರೆಲ್ಲರಿಗೂ ಇದು ಒಟ್ಟಾಗಿ ಕೊಡುತ್ತಿರುವ ಉತ್ತರ.

ಮೊದಲು ಸ್ವಲ್ಪ ಚರಿತ್ರೆ. 1956ರ ಅಕ್ಟೋಬರ್ 31ರವರೆಗೆ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಭಾಷಾವಾರು ಪ್ರಾಂತ್ಯ ರಚನೆಗಾಗಿ ನೇಮಕವಾದ ಫಜಲ್ ಅಲಿ ಆಯೋಗ 1955ರಲ್ಲಿ ವರದಿ ಕೊಟ್ಟಿತು. ಅದರಂತೆ ಜಿಲ್ಲೆಯ ಉಳಿದ ಭಾಗ ಮೈಸೂರು ರಾಜ್ಯಕ್ಕೆ ಹೋಯಿತು, ಕಾಸರಗೋಡು ತಾಲೂಕು ಮಾತ್ರ ಕೇರಳಕ್ಕೆ. ಮೊದಲು ಕಣ್ಣೂರಿನ ಜೊತೆ ಇದ್ದೆವು, 1984ರಲ್ಲಿ ಕಾಸರಗೋಡೇ ಒಂದು ಜಿಲ್ಲೆಯಾಯಿತು. ಹಾಗಾಗಿ ನಾನು ಫಾರಂನಲ್ಲಿ ಹಾಕುತ್ತಿದ್ದ "ದಕ್ಷಿಣ ಕನ್ನಡ" ನನ್ನ ಮಟ್ಟಿಗೆ ಸುಳ್ಳಾದರೂ ನನ್ನ ಅಜ್ಜನ ಮಟ್ಟಿಗೆ ನಿಜವೇ. ಅವರು ಹುಟ್ಟಿದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ತೀರಿಕೊಂಡದ್ದು ಕಾಸರಗೋಡು ಜಿಲ್ಲೆಯಲ್ಲಿ, ಮನೆ ಬದಲಾಯಿಸಲೇ ಇಲ್ಲ.

ಅಜ್ಜನ ಬಾಯಲ್ಲಿ ಎರಡು ಹೆಸರು ಯಾವಾಗಲೂ ಇರುತ್ತಿದ್ದವು. ಒಂದು, ಕವಿ ಕಯ್ಯಾರ ಕಿಞ್ಞಣ್ಣ ರೈ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನವಿಡೀ ಹೋರಾಡಿದವರು. ನೂರು ವರ್ಷ ತುಂಬಿಸಿ 2015ರ ಆಗಸ್ಟ್‌ನಲ್ಲಿ ತೀರಿಕೊಂಡರು. ಇನ್ನೊಂದು, ಮಹಾಜನ ವರದಿ. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಕೊಡಬೇಕು ಎಂದು ಹೇಳಿದೆ. ನಮ್ಮ ಮನೆ ಹೊಳೆಯ ಉತ್ತರಕ್ಕೇ ಇದೆ. ಅಜ್ಜ "ಮಹಾಜನ ವರದಿ ಬರಲಿ" ಎನ್ನುತ್ತಿದ್ದ ಧಾಟಿ ಹೇಗಿತ್ತೆಂದರೆ, ಅದೇನೋ ಮಳೆಗಾಲದ ಹಾಗೆ ತಡವಾದರೂ ಬಂದೇ ಬರುತ್ತದೆ ಎಂದು ನಾನು ಚಿಕ್ಕಂದಿನಲ್ಲಿ ನಂಬಿದ್ದೆ. ಅದು ಬಂದು ಆಗಲೇ ಇಪ್ಪತ್ತು ವರ್ಷಗಳ ಮೇಲಾಗಿತ್ತು, ಜಾರಿಯಾಗಲಿಲ್ಲ ಅಷ್ಟೇ.

ಮನೆಯಲ್ಲಿ ನಾವು ಆಡುವುದು ತುಳು. ಶಾಲೆಯಲ್ಲಿ ಕನ್ನಡ ಮಾಧ್ಯಮ. ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಬಸ್ಸಿನ ಬೋರ್ಡು ಮಲಯಾಳ. ಮದುವೆ ಕಾಗದ ಕನ್ನಡದಲ್ಲಿ, ಮದುವೆಗೆ ಬರುವ ನೆರೆಕರೆಯವರಲ್ಲಿ ಬ್ಯಾರಿ, ಕೊಂಕಣಿ, ಮರಾಠಿ ಆಡುವವರು. ಸಪ್ತಭಾಷಾ ಸಂಗಮ ಎಂದು ಭಾಷಣ ಮಾಡುವವರು ಹೇಳುತ್ತಾರೆ. ನಮಗೆ ಅದು ಸಂಗಮ ಅಂತೇನೂ ಅನಿಸುತ್ತಿರಲಿಲ್ಲ, ಪೇಟೆಗೆ ಹೋಗಿ ಬರುವುದು ಎಂದರೆ ಹಾಗೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ 50 ಕಿಲೋಮೀಟರ್, ರಾಜಧಾನಿ ತಿರುವನಂತಪುರಕ್ಕೆ ಸುಮಾರು 550. ಬೆಂಗಳೂರೇ ಹತ್ತಿರ! ಕಾಯಿಲೆಯಾದರೆ ಮಂಗಳೂರು, ಬಟ್ಟೆಗೆ ಮಂಗಳೂರು, ಯಕ್ಷಗಾನದ ಕ್ಯಾಸೆಟ್ಟಿಗೆ ಮಂಗಳೂರು. ಸಹಿ, ಸೀಲು, ಸರ್ಟಿಫಿಕೇಟಿಗೆ ಮಾತ್ರ ದಕ್ಷಿಣಕ್ಕೆ ಮುಖ ಮಾಡಬೇಕು. ನವೆಂಬರ್ 1ರಂದು ಮಂಗಳೂರಿನ ಮಾವನ ಮಕ್ಕಳು ರಾಜ್ಯೋತ್ಸವ ಆಚರಿಸಿದರೆ ನಮ್ಮ ಕನ್ನಡ ಶಾಲೆಯಲ್ಲಿ ಅದೇ ದಿನ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ನಾನು ಮಲಯಾಳ ಹಾಡಿಗೆ ಬಿಳಿ ಮುಂಡು ಉಟ್ಟು ಕುಣಿದ ಫೋಟೋ ಈಗಲೂ ಮನೆಯಲ್ಲಿದೆ. ಸಂಘದ ವಾಟ್ಸಾಪ್ ಗುಂಪಿಗೆ ಹಾಕುವ ಧೈರ್ಯ ಬಂದಿಲ್ಲ.

ಈಗ ಕೇರಳದ ಮೇಲೆ ನನಗಿರುವ ಸಿಟ್ಟಿನ ವಿಷಯ. ಏಳನೇ ತರಗತಿಯಲ್ಲಿ ನಮಗೆ ಗಣಿತಕ್ಕೆ ಬಂದ ಮೇಷ್ಟ್ರಿಗೆ ಕನ್ನಡ ಒಂದಕ್ಷರ ಬರುತ್ತಿರಲಿಲ್ಲ. ಒಳ್ಳೆಯ ಮನುಷ್ಯ, ತಪ್ಪು ಅವರದ್ದಲ್ಲ, ನೇಮಕ ಮಾಡಿದವರದ್ದು. ಬೋರ್ಡಿನ ಮೇಲೆ ಲೆಕ್ಕ ಬರೆದು ಮಲಯಾಳದಲ್ಲಿ ವಿವರಿಸುತ್ತಿದ್ದರು. ನನಗೆ ಹೇಗೋ ಅಂಕಿಗಳೇ ಅರ್ಥವಾದವು, ಮುಂದೆ ಎಂಜಿನಿಯರ್ ಆದೆ. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನಿಗೆ ಆಗಲಿಲ್ಲ. ಅವನು ಆ ವರ್ಷ ಫೇಲಾಗಿ ಮರುವರ್ಷ ಶಾಲೆ ಬಿಟ್ಟ. ನಮ್ಮಿಬ್ಬರಲ್ಲಿ ಅವನೇ ಚುರುಕಾಗಿದ್ದ, ಇದನ್ನು ವಿನಯಕ್ಕೆ ಹೇಳುತ್ತಿಲ್ಲ. 2018ರಲ್ಲಿ ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಸಿನೆಮಾ ಬಂದಾಗ ನೀವೆಲ್ಲ ನಕ್ಕಿರಿ, ನಾನೂ ನಕ್ಕೆ. ಆದರೆ ಥಿಯೇಟರಿನಲ್ಲಿ ಅವನ ನೆನಪಾಗಿ ಒಂದೆರಡು ಕಡೆ ನಗಲಾಗಲಿಲ್ಲ. ಅದಕ್ಕೆ ಹಿಂದಿನ ವರ್ಷ, 2017ರಲ್ಲಿ, ಕೇರಳದ ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದದ್ದು ಇದೇ ಭಯದಿಂದ.

ಇನ್ನೊಂದು, ಎಂಡೋಸಲ್ಫಾನ್. ನಮ್ಮ ಸುತ್ತಿನ ಗುಡ್ಡಗಳಲ್ಲಿ ಸರಕಾರಿ ಗೇರುತೋಟಗಳಿದ್ದವು. ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಅವಕ್ಕೆ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿದರು. ಹೆಲಿಕಾಪ್ಟರ್ ಸದ್ದು ಕೇಳಿದರೆ ಮಕ್ಕಳಾದ ನಾವು ಅಂಗಳಕ್ಕೆ ಓಡಿ ಬಂದು ಕೈ ಬೀಸುತ್ತಿದ್ದೆವು... ಪಡ್ರೆಯ ಸ್ವರ್ಗ ಎಂಬ ಊರಿನಲ್ಲಿ (ಹೆಸರು ನೋಡಿ!) ವಿಚಿತ್ರ ಕಾಯಿಲೆಗಳನ್ನು ಮೊದಲು ಗುರುತಿಸಿದವರು ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಅದನ್ನು ಜಗತ್ತಿಗೆ ತಿಳಿಸಿದವರಲ್ಲಿ ಪತ್ರಕರ್ತ ಶ್ರೀ ಪಡ್ರೆ ಒಬ್ಬರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಾದ್ಯಂತ ಅದನ್ನು ನಿಷೇಧಿಸಿತು. ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ 2017ರಲ್ಲಿ ಆದೇಶಿಸಿತು. ಕೈ ಬೀಸಿದ ನಮ್ಮಲ್ಲಿ ಎಲ್ಲರೂ ನನ್ನಷ್ಟು ಅದೃಷ್ಟವಂತರಾಗಿರಲಿಲ್ಲ.

ಇಷ್ಟೇ ಆಗಿದ್ದರೆ ಸುಲಭವಿತ್ತು, ಸಿಟ್ಟು ಮಾಡಿಕೊಂಡು ಇದ್ದುಬಿಡಬಹುದಿತ್ತು. ಆದರೆ ಅಜ್ಜನ ಟ್ರಂಕಿನಲ್ಲಿ ಒಂದು ಕಾಗದವಿದೆ. ಅಜ್ಜ ಗೇಣಿ ಒಕ್ಕಲು. ಬೇಸಾಯ ಅವರದ್ದು, ಭೂಮಿ ಧನಿಗಳದ್ದು, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಳೆಯಬೇಕು. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಭೂಮಿ ಅಜ್ಜನದ್ದಾಯಿತು. ಕರ್ನಾಟಕಕ್ಕೆ ಅಂಥದೇ ಕಾನೂನು ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ಕ್ಕೆ. ಅಂದರೆ ಅಜ್ಜ ಬಯಸಿದಂತೆ ನಾವು ಕರ್ನಾಟಕದಲ್ಲಿದ್ದಿದ್ದರೆ ಇನ್ನೂ ನಾಲ್ಕು ವರ್ಷ ಅಕ್ಕಿ ಅಳೆಯಬೇಕಿತ್ತು! ಈ ಲೆಕ್ಕವನ್ನು ಒಮ್ಮೆ ಅವರೆದುರು ಮಾಡಿದೆ. "ಹೋಗು ಮಾರಾಯ" ಎಂದು ಎದ್ದು ಹೋದರು. ಅವರನ್ನು ಭೂಮಿಯ ಒಡೆಯನನ್ನಾಗಿ ಮಾಡಿದ ಆ ಪಟ್ಟಯ ಮಲಯಾಳದಲ್ಲಿದೆ. ಅಜ್ಜನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ನನ್ನನ್ನು ಓದಿಸಿದ ಫೀಸು ಬಂದದ್ದು ಆ ಭೂಮಿಯ ಅಡಿಕೆಯಿಂದ.

ಇದೇ ಭೂಸುಧಾರಣೆಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರೂ ನಮ್ಮ ಊರ ಕಡೆಯವರೇ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ 1973ರ ಪ್ರಸಿದ್ಧ ತೀರ್ಪು ಅವರ ಹೆಸರಿನಲ್ಲಿದೆ. ಕಾನೂನು ಓದುವ ಪ್ರತಿಯೊಬ್ಬರೂ ಆ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಅದು ಯಕ್ಷಗಾನ ನಡೆಸುವ, ಕಾಸರಗೋಡಿನ ಒಂದು ಕನ್ನಡದ ಮಠ ಎಂದು ಎಷ್ಟು ಜನರಿಗೆ ಗೊತ್ತೋ!

ಶಾಲೆಯ ವಿಷಯದಲ್ಲೂ ನ್ಯಾಯ ಹೇಳಬೇಕು. ನಮಗೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕಿಸಿ ಕೊಟ್ಟದ್ದು ಕೇರಳ ಸರಕಾರ. ಆ ರಾಜ್ಯದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. ಕನ್ನಡದಲ್ಲಿ ಬರೆದ ಅರ್ಜಿಗೆ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಅಲ್ಲಿನ ಅಧಿಕೃತ ಭಾಷಾ ಕಾನೂನಿನಲ್ಲಿ ನಮಗಿದೆ. ಹಕ್ಕು ಇದೆ ಎಂದೆ, ಉತ್ತರ ಬರುತ್ತದೆ ಎಂದು ಹೇಳಲಿಲ್ಲ.

ಇನ್ನು ಕರ್ನಾಟಕ. ಪ್ಲಸ್ ಟು ಮುಗಿಸಿ ಎಂಜಿನಿಯರಿಂಗ್ ಸೀಟಿಗಾಗಿ ಕರ್ನಾಟಕದ ಸಿಇಟಿ ಬರೆದೆ. ಗಡಿನಾಡ ಕನ್ನಡಿಗರಿಗೆ ಅಲ್ಲಿ ಅವಕಾಶವಿದೆ, ಅದಕ್ಕೆ ನಾನು ಋಣಿ. ಆದರೆ ಕನ್ನಡ ಬರುತ್ತದೆ ಎಂದು ತೋರಿಸಲು ಬೇರೆಯೇ ಒಂದು ಪರೀಕ್ಷೆ, ನಾಲ್ಕನೇ ತರಗತಿ ಮಟ್ಟದ್ದು! ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಬೆಂಗಳೂರಿನಲ್ಲಿ ಕುಳಿತು ಕನ್ನಡ ಪರೀಕ್ಷೆ ಬರೆದು ಬಂದೆ. ಆ ಮೇಲೆ ನಾಲ್ಕು ವರ್ಷ ನನ್ನ ಹಾಸ್ಟೆಲಿನಲ್ಲಿದ್ದ ಗೆಳೆಯರು, ಬೆಂಗಳೂರಿನ ಶಾಲೆಗಳಲ್ಲಿ ಓದಿದವರು, ಮೆಸ್ಸಿನ ಕನ್ನಡ ನೋಟೀಸನ್ನು ನನ್ನಿಂದ ಓದಿಸಿಕೊಳ್ಳುತ್ತಿದ್ದರು. ನನಗೆ ಅವರಿಟ್ಟ ಅಡ್ಡಹೆಸರು "ಮಲ್ಲು".

ಅದನ್ನು ನಕ್ಕು ಮರೆತೆ. ಮರೆಯಲಾಗದ್ದು 2020ರ ಮಾರ್ಚ್. ಕೊರೊನಾ ಬಂದಾಗ ಕರ್ನಾಟಕ ಸರಕಾರ ಕೇರಳದ ಗಡಿ ಮುಚ್ಚಿತು. ತಲಪಾಡಿಯಲ್ಲಿ ತಡೆ, ಒಳದಾರಿಗಳಿಗೆ ಮಣ್ಣು. ಆಗ ಕಾಸರಗೋಡಿನಲ್ಲಿ ಕೊರೊನಾ ಜೋರಾಗಿತ್ತು, ಆಚೆಯವರಿಗೆ ಹೆದರಿಕೆ ಇದ್ದದ್ದೂ ಸಹಜ. ಆದರೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ಗಡಿ ದಾಟಲಾಗದೆ ಸತ್ತ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಯಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ನನ್ನ ಅಪ್ಪ ಹೃದ್ರೋಗಿ. ಅವರ ಡಾಕ್ಟರು, ಫೈಲು, ಮಾತ್ರೆ ಎಲ್ಲ ಮಂಗಳೂರಿನಲ್ಲಿ. ನಾನು ಇಲ್ಲಿ ಡಗ್ಲಸ್‌ನಲ್ಲಿ, ವಿಮಾನವಿಲ್ಲ. ರಾತ್ರಿ ಫೋನಿನಲ್ಲಿ ಅಪ್ಪ, "ಮಣ್ಣು ಹಾಕಿದ್ದಾರೆ ಮಗಾ" ಎಂದರು. ಮೊದಲಿಗೆ ನನಗೆ ಅರ್ಥವಾಗಲಿಲ್ಲ, ಯಾರೋ ತೀರಿಕೊಂಡರು ಎಂದುಕೊಂಡೆ. ಅವರ ಮಾತ್ರೆಗಳನ್ನು ಕೊನೆಗೆ ಮನೆಗೆ ತಲುಪಿಸಿದ್ದು ಪಂಚಾಯತಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಒಬ್ಬ ಸಿಸ್ಟರ್, ಕೋಟ್ಟಯಂ ಕಡೆಯವರು. ಅಜ್ಜ ಕಾಯುತ್ತಿದ್ದ ರಾಜ್ಯ ದಾರಿ ಮುಚ್ಚಿತ್ತು, ದೂರುತ್ತಿದ್ದ ರಾಜ್ಯ ಮಾತ್ರೆ ತಂದಿತ್ತು. ಆವತ್ತಿನಿಂದ ರಾಜ್ಯೋತ್ಸವದ ಸಭೆಯಲ್ಲಿ ನಿಂತಾಗ ನನ್ನ ಗಂಟಲು ಮೊದಲಿನಷ್ಟು ಜೋರಾಗಿ ಏಳುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಇದನ್ನೆಲ್ಲ ನಾನು ಮೊದಲು ಹೇಳಿದ್ದು ಕನ್ನಡಿಗರಿಗಲ್ಲ, ಇಲ್ಲಿನ ನೆರೆಮನೆಯ ಅಜ್ಜನಿಗೆ. ಅವರು ಐವತ್ತು ವರ್ಷದಿಂದ ಕಾರ್ಕ್‌ನಲ್ಲಿದ್ದಾರೆ, ಹುಟ್ಟಿದ್ದು ಉತ್ತರ ಐರ್ಲೆಂಡಿನ ಅರ್ಮಾ ಕೌಂಟಿಯ ಕ್ರಾಸ್‌ಮಗ್ಲೆನ್‌ನಲ್ಲಿ, ಗಡಿಗೆ ತಾಗಿಕೊಂಡೇ ಇರುವ ಊರು. ಬೇಲಿಯ ಗಿಡ ಕತ್ತರಿಸುತ್ತ ಮಹಾಜನ ವರದಿಯ ಕಥೆ ಕೇಳಿ ಅವರು ಕತ್ತರಿ ಕೆಳಗಿಟ್ಟು ನಕ್ಕರು. ಐರ್ಲೆಂಡಿಗೂ ಒಂದು ಗಡಿ ಆಯೋಗವಿತ್ತಂತೆ. 1925ರಲ್ಲಿ ದಕ್ಷಿಣ ಅರ್ಮಾವನ್ನು ಈ ಕಡೆಗೆ ಕೊಡಬೇಕೆಂದು ಅದು ನಿರ್ಧರಿಸಿತ್ತು. ಡೊನಿಗಾಲಿನ ಒಂದು ಭಾಗ ಆ ಕಡೆಗೆ ಹೋಗಬೇಕಿತ್ತು. ನಕ್ಷೆ ಮೊದಲೇ ಪತ್ರಿಕೆಗೆ ಸೋರಿ ಗಲಾಟೆಯಾಯಿತು, ಸರಕಾರಗಳೆಲ್ಲ ಸೇರಿ ವರದಿಯನ್ನು ಮುಚ್ಚಿಟ್ಟವು, ಗಡಿ ಇದ್ದಲ್ಲೇ ಉಳಿಯಿತು. ಜನರ ಕೈಗೆ ಅದು ಸಿಕ್ಕಿದ್ದು 1969ರಲ್ಲಿ. "ನಿಮ್ಮದನ್ನಾದರೂ ಆಗಲೇ ತೋರಿಸಿದರಲ್ಲ, ನಮ್ಮದನ್ನು 44 ವರ್ಷ ಬೀರುವಿನಲ್ಲಿಟ್ಟರು" ಎಂದರು. ಅವರ ಗಡಿಯ ಕಥೆಯಲ್ಲಿ ದಶಕಗಳ ಬಾಂಬು ಬಂದೂಕುಗಳಿವೆ, ನಮ್ಮದನ್ನು ಅದರೊಂದಿಗೆ ತೂಗುವ ಧೈರ್ಯ ನನಗಿಲ್ಲ. ಆದರೆ ಗೇಲಿಕ್ ಆಟಗಳಿಗೆ ಆ ಗಡಿ ಲೆಕ್ಕಕ್ಕಿಲ್ಲ, 32 ಕೌಂಟಿಗಳೂ ಒಂದೇ. 2024ರ ಜುಲೈಯಲ್ಲಿ ನಮ್ಮ ಬೀದಿಯಿಡೀ ಕಾರ್ಕ್‌ನ ಕೆಂಪು ಬಿಳಿ ಬಾವುಟ, ಅವರ ಮನೆಗೆ ಮಾತ್ರ ಅರ್ಮಾದ ಕಿತ್ತಳೆ. ಕಾರ್ಕ್ ಹರ್ಲಿಂಗ್ ಫೈನಲಿನಲ್ಲಿ ಒಂದೇ ಪಾಯಿಂಟಿನಿಂದ ಸೋತಿತು, ಮುಂದಿನ ಭಾನುವಾರ ಅರ್ಮಾ ಫುಟ್‌ಬಾಲ್ ಗೆದ್ದಿತು. ಅಜ್ಜ ಬಾವುಟ ಇಳಿಸಿದ್ದು ಸೆಪ್ಟೆಂಬರಿಗೆ.

ಈ ದೇಶ ನನ್ನ ಇನ್ನೊಂದು ಲೆಕ್ಕವನ್ನೂ ತಪ್ಪಿಸಿತು. ಕರ್ನಾಟಕಕ್ಕೆ ಸೇರಿದ್ದರೆ ನಮ್ಮ ಊರಿನ ಕನ್ನಡ ಸುರಕ್ಷಿತವಾಗಿರುತ್ತಿತ್ತು ಎಂದು ನಾನು ನಂಬಿದ್ದೆ. ಇಲ್ಲಿ ಐರಿಷ್ ಭಾಷೆಗೆ ಸ್ವಂತ ರಾಷ್ಟ್ರವೇ ಇದೆ. ಸಂವಿಧಾನದಲ್ಲಿ ಅದೇ ಮೊದಲ ಅಧಿಕೃತ ಭಾಷೆ, ಪ್ರತಿ ಬೋರ್ಡಿನಲ್ಲೂ ಅದೇ ಮೇಲೆ. ಡಗ್ಲಸ್ ಎಂಬುದೂ 'ಕಪ್ಪು ತೊರೆ' ಎಂಬರ್ಥದ ಐರಿಷ್ ಹೆಸರು. ಆದರೂ 2022ರ ಜನಗಣತಿಯಲ್ಲಿ ಶಾಲೆಯ ಹೊರಗೆ ದಿನಾ ಐರಿಷ್ ಆಡುತ್ತೇವೆ ಎಂದವರು ಸುಮಾರು 72 ಸಾವಿರ ಅಷ್ಟೇ. ಊರಿನಲ್ಲಿ ನನ್ನ ತಂಗಿಯ ಮಕ್ಕಳು ಹೋಗುವುದು ಇಂಗ್ಲಿಷ್ ಮಾಧ್ಯಮಕ್ಕೆ, ಮಂಗಳೂರಿನ ಮಾವನ ಮೊಮ್ಮಕ್ಕಳೂ ಅಷ್ಟೇ. ನಾನು ಓದಿದ ಶಾಲೆಯಲ್ಲಿ ಮಕ್ಕಳು ಕಡಿಮೆಯಾದದ್ದಕ್ಕೆ ಮಲಯಾಳವನ್ನೊಂದೇ ದೂರಿದರೆ ತಂಗಿಯನ್ನು ಬಿಟ್ಟ ಹಾಗಾಗುತ್ತದೆ, ನನ್ನನ್ನೂ.

ಮಗಳು ಹುಟ್ಟಿದ ರಾತ್ರಿಯ ಮಾತೊಂದು ಉಳಿಯಿತು. ಹೆಂಡತಿ ಶಿವಮೊಗ್ಗದವಳು, ಹೆರಿಗೆ ಕಷ್ಟವಾಗಿತ್ತು, ಬೆಳಗಿನ ಜಾವ ಮೂರು ಗಂಟೆ. ಕಾರಿಡಾರಿನಲ್ಲಿ ಒಬ್ಬನೇ ಕುಳಿತಿದ್ದಾಗ ನರ್ಸ್ ಒಬ್ಬರು ಬಂದು ನನ್ನ ಮುಖ ನೋಡಿ, "ನಾಡ್ ಎವಿಡೆಯಾ?" ಎಂದು ಕೇಳಿದರು. ಊರು ಎಲ್ಲಿ ಎಂದು. ಕಾಸರಗೋಡ್ ಎಂದೆ. "ಅಯ್ಯೋ, ನಮ್ಮುಡೆ ಆಳ್!" ಎಂದು ಟೀ ತಂದುಕೊಟ್ಟರು. ಜೀವಮಾನವಿಡೀ ಯಾವ ಭಾಷೆಯ ಮೇಲೆ ಗೊಣಗಿದ್ದೆನೋ ಆ ಭಾಷೆ ಕಿವಿಗೆ ಬಿದ್ದು ನನಗೆ ಅಳು ಬಂತು. ಈಗ ಮಗಳಿಗೆ ಎಂಟು ವರ್ಷ. ಅವಳ ಶಾಲೆಯ ಗೆಳತಿಯರಲ್ಲಿ ಅರ್ಧ ಮಲಯಾಳಿಗಳು. ಮೊನ್ನೆ ಕೇಳಿದಳು: "ಅಪ್ಪಾ, ನಿನಗೆ ಮಲಯಾಳ ಬರುತ್ತದಲ್ಲ, ಸಂಘದವರು ಇರುವಾಗ ಯಾಕೆ ಬರುವುದಿಲ್ಲ ಅಂತೀಯ?"

ಆ ರಾತ್ರಿಯೇ ಕೂತು ಫಾರಂ ಬದಲಾಯಿಸಿದೆ. ಡ್ರಾಪ್‌ಡೌನ್ ತೆಗೆದು "ನಿಮ್ಮ ಊರು" ಎಂದು ಒಂದು ಖಾಲಿ ಜಾಗ ಇಟ್ಟಿದ್ದೇನೆ. ಜಿಲ್ಲಾವಾರು ಪೈ ಚಾರ್ಟ್ ಮಾಡುವುದು ಹೇಗೆ ಎಂದು ಕಾರ್ಯದರ್ಶಿಗಳು ಗೊಣಗುತ್ತಿದ್ದಾರೆ, ವಾರ್ಷಿಕ ಸಭೆಗೆ ಮೊದಲು ನಾನೇ ಕೈಯಲ್ಲಿ ಎಣಿಸಿ ಕೊಡುತ್ತೇನೆ ಎಂದಿದ್ದೇನೆ. ಹಳೆಯ ಪಟ್ಟಿಯಲ್ಲಿ ದಕ್ಷಿಣ ಕನ್ನಡದವರ ಸಂಖ್ಯೆ ಈ ವರ್ಷ ಒಂದು ಕಡಿಮೆಯಾಗುತ್ತದೆ. ಅಕ್ಕಲಕೋಟೆಯವರಿಗೆ ಹೊಸ ಲಿಂಕ್ ಕಳಿಸಿಯಾಗಿದೆ. ಹೊಸೂರು, ಜತ್ತ, ಮಂಜೇಶ್ವರ, ಎಲ್ಲಿಯವರಿದ್ದರೂ ಇದ್ದದ್ದನ್ನೇ ಬರೆಯಿರಿ. ಕನ್ನಡದಲ್ಲಿ ಟೈಪ್ ಮಾಡಿದರೆ ಕೆಲವು ಹಳೆಯ ಫೋನುಗಳಲ್ಲಿ ಒತ್ತಕ್ಷರ ಒಡೆಯುತ್ತಿದೆ, ಅದನ್ನು ಈ ವಾರಾಂತ್ಯ ಸರಿಪಡಿಸುತ್ತೇನೆ.